ಒಣಬಾಯಲ್ಲಿ ಹೋಗ್ತೀನಿ ಅಂದ ಹುಡುಗಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅವರೆಕಾಳು ನೆನೆಹಾಕಿದೆ. ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿದೆ. ಉಪ್ಪಿಟ್ಟು ಮಾಡಿ ಡಬ್ಬಿಗೆ ತುಂಬಿದೆ. ಗಂಡನ ಅಂಗಡಿಯ ಬೀಗದ ಕೈ ಹುಡುಕಿಕೊಟ್ಟೆ. ಅದು ಎಂದಿನಂತೆ ನಿನ್ನೆಯ ಅಂಗಿಯ ಜೇಬಿನಲ್ಲೇ ಇತ್ತು. ಕುಕ್ಕರಿನ ಸಡಿಲಾದ ಹಿಡಿಗೆ ಸ್ಕ್ರೂ ಬಿಗಿದೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಪಾಂಡವಪುರದಲ್ಲಿ ಕತ್ತಲಿದ್ದಾಗಲೇ ಬಸ್ಸು ಹತ್ತಿದೆ, ಶ್ರೀರಂಗಪಟ್ಟಣದಲ್ಲಿ ಇಳಿದು ಅರಕೆರೆ ಬಸ್ಸು ಹಿಡಿದೆ. ಒಂಬತ್ತನೇ ತರಗತಿಯ ಹಾಜರಿ ಕರೆದೆ. ಮಕ್ಕಳನ್ನು ಸಾಲು ಮಾಡಿಸಿ ಆಲೆಮನೆಗೆ ಕರೆದುಕೊಂಡು ಹೋದೆ. ಕೈಗೆ ಬಂದ ಒಂದು ಲೋಟ ಕಬ್ಬಿನ ಹಾಲನ್ನು ಕುಡಿಯದೆ ಕೆಳಗಿಟ್ಟೆ. ಸಂಜೆ ಮನೆಗೆ ಬಂದ ಫೋನಿಗೆ ‘ಆಗುವುದಿಲ್ಲ’ ಎಂದು ಉತ್ತರ ಕೊಟ್ಟೆ.

ಕೊನೆಯ ಎರಡು ಕೆಲಸಗಳ ಬಗ್ಗೆಯೇ ಈಗ ಬರೆಯಬೇಕಾಗಿದೆ. ಉಳಿದವು ದಿನವೂ ಇರುವಂಥವು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಬಹಳ ವರ್ಷ ನಾಗಮಂಗಲದ ಕಡೆ ಇದ್ದೆ. ಈ ವರ್ಷವಷ್ಟೇ ಅರಕೆರೆ ಬಸ್ಸು ಹೋಗುವ ದಾರಿಯ ಒಂದು ಊರಿಗೆ ವರ್ಗವಾಗಿ ಬಂದೆ. ನಾಲೆ ನೀರಿನ ಊರು. ಶಾಲೆಯ ಕಾಂಪೌಂಡಿನ ಆಚೆಗೆ ಭತ್ತ, ಅದರಾಚೆಗೆ ಕಬ್ಬು. ಶನಿವಾರದ ಕೊನೆಯ ಪೀರಿಯಡ್ಡು ಲೈಬ್ರರಿಗೆ ಎಂದು ವೇಳಾಪಟ್ಟಿ ಹೇಳುತ್ತಿತ್ತು. ಲೈಬ್ರರಿ ಎಂದರೆ ಒಂದು ಬೀರು, ಅದರ ಮೇಲೆ ಆಟದ ಸಾಮಾನಿನ ಚೀಲ. ಬೀರು ತೆಗೆಯಬೇಕಾದರೆ ಮೊದಲು ಚೀಲ ಇಳಿಸಬೇಕು. ಹಾಗಾಗಿ ಯಾರೂ ತೆಗೆಯುತ್ತಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ನಾನೇ ಮನೆಯಿಂದ ಒಂದು ಕಾದಂಬರಿ ಒಯ್ದೆ. ದೂರದ ದೇಶದ್ದು, ನಾನು ಹುಟ್ಟುವುದಕ್ಕೂ ಮುಂಚೆ ಬರೆದದ್ದು, ಎಷ್ಟೋ ದೇಶಗಳ ಶಾಲೆಗಳಲ್ಲಿ ಮಕ್ಕಳಿಗೆ ಓದಿಸುವಂಥದ್ದು. ಎಂಟು ವರ್ಷದ ಒಬ್ಬ ಹುಡುಗಿಯ ಕತೆ. ಕರಿಯರ ಮಗು. ಅವಳ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಎರಡು ನಲ್ಲಿ: ಬಿಳಿಯರಿಗೆ ಒಂದು, ಕರಿಯರಿಗೆ ಇನ್ನೊಂದು. ಬಿರುಬೇಸಿಗೆಯ ಒಂದು ದಿನ ಕರಿಯರ ನಲ್ಲಿ ಕೆಟ್ಟಿರುತ್ತದೆ. ಬಾಯಾರಿದ ಹುಡುಗಿ ಆ ಇನ್ನೊಂದು ನಲ್ಲಿಗೆ ಬೊಗಸೆ ಒಡ್ಡುತ್ತಾಳೆ. ಆಮೇಲೆ ಊರು ಅವಳಿಗೂ ಅವಳ ತಾಯಿಗೂ ಏನು ಮಾಡಿತು ಅನ್ನುವುದೇ ಉಳಿದ ಪುಸ್ತಕ. ಅದರ ಇಂಗ್ಲಿಷ್ ಹೆಸರು ಮಕ್ಕಳ ನಾಲಿಗೆಗೆ ಹತ್ತಲಿಲ್ಲ. ಅವರು ‘ನಲ್ಲಿ ಕತೆ’ ಎಂದರು, ಶಾಲೆಯಲ್ಲಿ ಅದೇ ಹೆಸರು ಉಳಿಯಿತು.

ಇದ್ದದ್ದು ಒಂದೇ ಪ್ರತಿ. ನಾನು ಒಂದು ಪುಟ ಇಂಗ್ಲಿಷಿನಲ್ಲಿ ಓದುವುದು, ಆಮೇಲೆ ಕನ್ನಡದಲ್ಲಿ ಹೇಳುವುದು. ಪುಸ್ತಕದ ಮಾತನ್ನು ಇದ್ದ ಹಾಗೇ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಶುಕ್ರವಾರ ಸಂಜೆ ಮರುದಿನದ ಭಾಗವನ್ನು ಅತ್ತೆಗೆ ಹೇಳಿ ನೋಡುತ್ತಿದ್ದೆ. ಅತ್ತೆ ಕೆ.ಆರ್. ಪೇಟೆ ಕಡೆಯವರು, ಹೇಮಗಿರಿಯ ಹತ್ತಿರದ ಊರು. ಅವರು ಸೊಪ್ಪು ಬಿಡಿಸುತ್ತಲೋ ಕಾಯಿ ಸುಲಿಯುತ್ತಲೋ ಕೇಳುವರು. ಅವರು ಆಕಳಿಸಿದ ಕಡೆ ನಾನು ಕತ್ತರಿ ಹಾಕುವೆ. ಪ್ರತಿ ವಾರವೂ ಕೊನೆಗೆ ಅವರದು ಒಂದೇ ಪ್ರಶ್ನೆ: “ಆ ಮಗೀಗೆ ಕೊನೀಗಾರ ನೀರು ಕೊಟ್ರೇನವ್ವಾ?”

“ಇನ್ನೂ ಇಲ್ಲ ಅತ್ತೆ. ತಾಯಿನ ಕೆಲಸದಿಂದ ಬಿಡಿಸಿದ್ದಾರೆ.”

“ಥೂ, ಅವರ ಮನೆ ಕಾಯೋಗ. ಮುಂದ್ಕೆ ಯೋಳು.”

ಒಂದು ಸಲ ಅವರಾಗಿಯೇ ಹೇಳಿದರು: “ನಮ್ಮಟ್ಟೀಲೂ ಸೂರಿನ ಸಂದೀಲಿ ಒಂದು ಲೋಟ ಸಿಗ್ಸಿರೋರು. ಅದು ಯಾರ್ದು ಅಂತ ನಾನು ಕೇಳ್ಲಿಲ್ಲ. ಕೇಳ್ದೇನೇ ಗೊತ್ತಿತ್ತಲ್ಲ, ಅದ್ಕೆ.” ಹೇಳಿ, ಸೊಪ್ಪಿನ ಕಡ್ಡಿಯನ್ನು ಸ್ವಲ್ಪ ಜೋರಾಗಿಯೇ ಮುರಿದರು.

ತರಗತಿಯಲ್ಲಿ ಮೊದಲ ಪ್ರಶ್ನೆ ಬಂದದ್ದು ಲಾರಿ ಡ್ರೈವರೊಬ್ಬರ ಮಗನಿಂದ. ಸಾಬರ ಹುಡುಗ, ಬಾಯಿ ಸುಮ್ಮನಿರುವುದಿಲ್ಲ, ಕೈ ತಿಂಡಿಯಿಲ್ಲದೆ ಇರುವುದಿಲ್ಲ. “ಮಿಸ್, ಒಂದೇ ಪೈಪಿಂದ ಬರೋ ನೀರ್ಗೆ ಎರಡು ನಲ್ಲಿ ಯಾಕ್ ಮಡಗಿದ್ರು? ತಲೆ ಕೆಟ್ಟಿತ್ತಾ ಅವ್ರಿಗೆ?”

“ನಮ್ಮೂರಲ್ಲಿ ಅಂಗೆಲ್ಲ ಇಲ್ಲ ಮಿಸ್,” ಎಂದ ಹಿಂದಿನ ಬೆಂಚಿನವನೊಬ್ಬ. ಅವನ ತಾತನೇ ಊರಿನ ಆಲೆಮನೆಯ ಯಜಮಾನರು. ಶಾಲೆಯ ಸಮಿತಿಗೆ ಅಧ್ಯಕ್ಷರೂ ಅವರೇ. “ನಮ್ಮ ಆಲೆಮನೆ ತಾವ್ಕೆ ಯಾರ್ ಬಂದ್ರೂ ಹಾಲು ಕೊಡ್ತೀವಿ. ಯಾರೂ ಒಣಬಾಯಲ್ಲಿ ಹೋಗಂಗಿಲ್ಲ. ಹೋದ್ರೆ ಆ ಕೊಪ್ಪರಿಗೆ ಪಾಕ ಕೆಟ್ಟೋಯ್ತದೆ, ಬೆಲ್ಲ ಅಚ್ಚಲ್ಲಿ ನಿಲ್ಲಲ್ಲ. ನಮ್ಮ ತಾತ ದಾರೀಲಿ ಹೋಗೋರ್ನೂ ಕೂಗಿ ಕರೀತಾರೆ.”

“ಕೊಡ್ತಾರೆ ಕಣ್ಲಾ,” ಎಂದಳು ಕಿಟಕಿ ಪಕ್ಕದ ಹುಡುಗಿ. “ಯಾವುದ್ರಲ್ಲಿ ಕೊಡ್ತಾರೆ? ಅದ ಹೇಳು.”

ಅವಳೇ ಹೇಳಿದಳು. ಊರಿನವರಿಗೆ ಸ್ಟೀಲ್ ಲೋಟ. ಕಾಲೊನಿಯವರಿಗೆ ಪೇಪರ್ ಲೋಟ, ಕುಡಿದು ಬಿಸಾಡುವಂಥದ್ದು. ತನ್ನ ಅಜ್ಜಿಯ ಕಾಲದಲ್ಲಿ ತೆಂಗಿನ ಚಿಪ್ಪಿತ್ತಂತೆ, ಈಗ ಪೇಪರು.

“ಪೇಪರ್ ಲೋಟ ಹೊಸದಲ್ವಾ? ಯಾರ ಎಂಜಲೂ ಇರಲ್ಲ. ಅದೇ ಮರ್ಯಾದೆ ಕಣೇ,” ಎಂದು ಅವನು ವಾದಿಸಿದ. ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಮನೆಯಲ್ಲಿ ಹಾಗೆ ಹೇಳಿಕೊಟ್ಟಿದ್ದರು.

“ಅಷ್ಟೊಂದು ಮರ್ಯಾದೆ ಆದ್ರೆ ನಿಮ್ಮಾವ ಊರಿಂದ ಬಂದಾಗ ಅದ್ರಲ್ಲೇ ಕಾಫಿ ಕೊಡ್ರಲಾ,” ಎಂದಳು. ತರಗತಿ ನಕ್ಕಿತು. ಅವನೂ ನಕ್ಕ, ಆಮೇಲೆ ನಗಬಾರದಿತ್ತು ಎಂದು ನೆನಪಾಗಿ ಮುಖ ಬಿಗಿದ.

ಆ ಹುಡುಗಿಯ ಬಗ್ಗೆ ಹೇಳಬೇಕು. ಕಾಲೊನಿಯ ಮನೆ, ತಂದೆ ಇಲ್ಲ. ತಾಯಿ ಅದೇ ಆಲೆಮನೆಯಲ್ಲಿ ಗಾಣದಿಂದ ಬಿದ್ದ ಕಬ್ಬಿನ ಸಿಪ್ಪೆಯನ್ನು ಹೊತ್ತು ಬಯಲಲ್ಲಿ ಹರಡಿ ಒಣಗಿಸುವ ಕೆಲಸದವಳು. ಒಣಗಿದ ಸಿಪ್ಪೆಯೇ ಒಲೆಗೆ ಸೌದೆ. ಹುಡುಗಿ ಹಿಂದಿನ ವಾರದ ಕತೆಯನ್ನು ಒಂದು ಎಳೆ ಬಿಡದೆ ಊರ ಮಾತಿನಲ್ಲಿ ಹೇಳುತ್ತಿದ್ದಳು. ಗೈರಾಗಿದ್ದವರಿಗೆ ನಾನು ಅವಳನ್ನೇ ತೋರಿಸುತ್ತಿದ್ದೆ.

ವರ್ಷಕ್ಕೊಮ್ಮೆ ಕಬ್ಬು ಅರೆಯುವ ಕಾಲದಲ್ಲಿ ಒಂಬತ್ತನೇ ತರಗತಿಯನ್ನು ಆಲೆಮನೆಗೆ ಕರೆದುಕೊಂಡು ಹೋಗುವುದು ಆ ಶಾಲೆಯ ರೂಢಿ. ಗಾಣ, ಕೊಪ್ಪರಿಗೆ, ಪಾಕ, ಅಚ್ಚು ಎಲ್ಲ ನೋಡಿ, ಹಾಲು ಕುಡಿದು, ಬಿಸಿಬೆಲ್ಲ ತಿಂದು ಬರುವುದು. ಹೋಗುವ ವಾರ ಹುಡುಗಿ ನನ್ನ ಹತ್ತಿರ ಬಂದಳು.

“ಮಿಸ್, ನಾನು ಸ್ಟೀಲ್ ಲೋಟದಲ್ಲೇ ಕುಡಿಯೋದು. ಇಲ್ಲ ಅಂದ್ರೆ ಕುಡಿಯಲ್ಲ.”

“ನಿಮ್ಮ ತಾಯಿಗೆ ಹೇಳಿದ್ದೀಯಾ?”

“ಇಲ್ಲ.”

“ಮೊದಲು ಹೇಳು. ಕೆಲಸ ಹೋಗೋದು ಅವರದು.”

ಮಾರನೆಯ ದಿನ ಬಂದು ಹೇಳಿದಳು: “ಹೇಳ್ದೆ. ನಮ್ಮವ್ವ ಸೆರಗು ಬಿಗಿಯಾಗಿ ಸಿಕ್ಕಿಸ್ಕೊಂಡು ಕೆಲಸಕ್ಕೆ ಹೊಂಟೋದ್ಲು.”

ಅಷ್ಟು ಹೊತ್ತಿಗೆ ತರಗತಿಯ ಮಾತು ಯಜಮಾನರ ಮನೆ ಮುಟ್ಟಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ನಿವೃತ್ತಿ ಹತ್ತಿರವಿತ್ತು, ಜಗಳ ಕಂಡರೆ ಕನ್ನಡಕ ಒರೆಸಲು ಶುರುಮಾಡುವರು. ಕನ್ನಡಕ ಒರೆಸುತ್ತಲೇ, “ಆಲೆಮನೆಯಲ್ಲಿ ಆ ನಲ್ಲಿ ಕತೆ ಎತ್ತಬೇಡಿ ಮೇಡಂ,” ಎಂದರು. ನಾನು ಎತ್ತುವುದಿಲ್ಲ ಎಂದೆ. ಎತ್ತಲೂ ಇಲ್ಲ. ಎತ್ತುವ ಅಗತ್ಯ ಬೀಳಲಿಲ್ಲ.

ನಾವು ಹೋದಾಗ ಆಲೆಮನೆಯಲ್ಲಿ ಕೆಲಸ ಜೋರಾಗಿತ್ತು. ಗಾಣದ ಮೋಟರಿನ ಸದ್ದಿಗೆ ಮಾತು ಕೇಳದು. ಕೊಪ್ಪರಿಗೆಯಲ್ಲಿ ಹಾಲು ಕುದಿದು, ನೊರೆ ತೆಗೆದು, ಬಣ್ಣ ಕಂದಾಗಿತ್ತು. ಪಾಕ ನೋಡುವವರು ಒಬ್ಬ ವಯಸ್ಸಾದವರು. ತಲೆಗೆ ಟವಲು ಸುತ್ತಿಕೊಂಡು, ಮರದ ಉದ್ದ ಕೋಲಿನಿಂದ ಕದಡುತ್ತ, ಆಗಾಗ ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಹಿಚುಕಿ ನೋಡುತ್ತಿದ್ದರು. ಬಯಲಿನಲ್ಲಿ ಹುಡುಗಿಯ ತಾಯಿ ಸಿಪ್ಪೆ ಹರಡುತ್ತಿದ್ದಳು. ಯಜಮಾನರು ಬಿಳಿ ಪಂಚೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, “ಬನ್ನಿ ಮೇಡಂ, ಬನ್ನಿ, ಮಕ್ಳು ಬರ್ಲಿ ಬರ್ಲಿ,” ಎಂದು ಬಾಯ್ತುಂಬ ಕರೆದರು. ಆ ಮರ್ಯಾದೆಯಲ್ಲಿ ಸುಳ್ಳಿರಲಿಲ್ಲ. ಅದನ್ನೂ ಬರೆಯಬೇಕು.

ಗಾಣದ ಹತ್ತಿರದ ಉದ್ದ ಬೆಂಚಿನ ಮೇಲೆ ಸ್ಟೀಲ್ ಲೋಟಗಳನ್ನು ಬೋರಲು ಹಾಕಿದ್ದರು. ಕೆಲಸದ ಆಳು ಜಗ್ಗಿನಿಂದ ಹಾಲು ಬಗ್ಗಿಸಿ ಕೊಡುತ್ತ ಬಂದ. ಲಾರಿ ಡ್ರೈವರ ಮಗ ಒಂದು ಲೋಟ ಮುಗಿಸಿ, ಸಾಲಿನ ಹಿಂದಕ್ಕೆ ಹೋಗಿ, ಹೊಸಬನ ಹಾಗೆ ಮತ್ತೆ ಬಂದು ನಿಂತ. ನನಗೂ ಒಂದು ಲೋಟ ಕೊಟ್ಟರು. ಆಮೇಲೆ ಆಳು ಕಂಬಕ್ಕೆ ನೇತುಹಾಕಿದ್ದ ಕವರಿನಿಂದ ಪೇಪರ್ ಲೋಟ ತೆಗೆದ. ಕಾಲೊನಿಯ ಬೇರೆ ಮೂವರು ಮಕ್ಕಳು ಯಾರೂ ಕರೆಯದೆಯೇ ಆ ಕಡೆ ಸರಿದರು, ನಮ್ಮ ಶಾಲೆಯಲ್ಲಿ ಗಂಟೆ ಹೊಡೆದರೆ ಸಾಲು ನಿಲ್ಲುವ ಹಾಗೆ.

ಹುಡುಗಿ ಸರಿಯಲಿಲ್ಲ. ಬೆಂಚಿನಿಂದ ಒಂದು ಸ್ಟೀಲ್ ಲೋಟ ಎತ್ತಿಕೊಂಡು ಜಗ್ಗಿನ ಮುಂದೆ ಹಿಡಿದಳು.

ಆಳು ಯಜಮಾನರ ಮುಖ ನೋಡಿದ. ಯಜಮಾನರು ನಗುತ್ತಲೇ ಹೇಳಿದರು, “ಅವ್ವಾ, ಅದ ಮಡಗು. ನಿಂಗೆ ಹೊಸ ಲೋಟ ಕೊಡ್ತಾನೆ ಕಣವ್ವಾ. ಯಾರೂ ಬಾಯಿ ಇಟ್ಟಿಲ್ಲದ್ದು.”

“ಅಷ್ಟು ಒಳ್ಳೇದಾದ್ರೆ ನಿಮ್ಮ ಮೊಮ್ಮಗಂಗೆ ಕೊಡಿ ಯಜಮಾನ್ರೇ. ಅವ್ನು ಹಳೇದ್ರಲ್ಲಿ ಕುಡೀತಾವ್ನೆ, ಪಾಪ.”

ಮೊಮ್ಮಗ ಲೋಟವನ್ನು ಬಾಯಿಂದ ಇಳಿಸಿದ. ಯಜಮಾನರ ನಗು ನಿಂತಿತು.

“ಯಾರು ಹೇಳ್ಕೊಟ್ರು ನಿಂಗೆ ಇದೆಲ್ಲ?” ಎಂದು ಕೇಳಿದರು. ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ನಾನು ಕೈಯಲ್ಲಿದ್ದ ಲೋಟವನ್ನು ತುಂಬಿದ್ದ ಹಾಗೇ ಬೆಂಚಿನ ಮೇಲೆ ಇಟ್ಟೆ. “ಅವಳಿಗೆ ಕೊಟ್ಟ ಮೇಲೆ ನಾನು ಕುಡೀತೀನಿ,” ಎಂದೆ. ನನ್ನ ದನಿ ಗಾಣದ ಸದ್ದಿನಲ್ಲೂ ಕೇಳಿಸಿತು. ಮೂವತ್ತು ವರ್ಷದ ಹತ್ತಿರ ತರಗತಿಯಲ್ಲಿ ಕೂಗಿದ ಗಂಟಲು.

“ಲೇ ಕೂಸೇ,” ಎಂದು ಬಯಲಿನಿಂದ ತಾಯಿ ಕೂಗಿದಳು. ನಾವೆಲ್ಲ ತಿರುಗಿದೆವು. ಸುಮ್ಮನಿರು ಎನ್ನುತ್ತಾಳೆ ಎಂದುಕೊಂಡೆ. ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗೆ ಹಾಕಿ ನೆಟ್ಟಗೆ ನಿಂತಳು, ಅಷ್ಟೇ.

ಹುಡುಗಿ ತಾಯಿಯನ್ನು ನೋಡಿದಳು. ಆಮೇಲೆ ಲೋಟವನ್ನು ಬೆಂಚಿನ ಮೇಲೆ, ನನ್ನ ಲೋಟದ ಪಕ್ಕದಲ್ಲಿ ಇಟ್ಟು, “ಬ್ಯಾಡ ಬುಡಿ ಯಜಮಾನ್ರೇ,” ಎಂದಳು. “ನಾನು ಒಣಬಾಯಲ್ಲಿ ಹೋಗ್ತೀನಿ.”

ಆ ಮಾತಿಗೆ ಕೊಪ್ಪರಿಗೆಯ ಹತ್ತಿರ ಕೋಲು ನಿಂತಿತು.

“ಏಯ್ ಏಯ್, ತಡಿ ಕಣವ್ವಾ,” ಎಂದರು ಪಾಕದವರು. “ಪಾಕ ಎಳೆ ಬತ್ತಾ ಅದೆ. ಈಗ ಅಂಗೆ ಅನ್ಬ್ಯಾಡ.”

“ಅಂದಾಯ್ತಲ್ಲ ತಾತ. ಹೋಗೋದೊಂದು ಬಾಕಿ.” ಅವಳು ರಸ್ತೆಯ ಕಡೆ ಎರಡು ಹೆಜ್ಜೆ ಇಟ್ಟಳು.

“ನಂಗೂ ಬ್ಯಾಡ,” ಎಂದು ಅವಳ ಗೆಳತಿಯೊಬ್ಬಳು ಲೋಟ ಇಟ್ಟಳು. ಪೇಪರ್ ಲೋಟ ಹಿಡಿದಿದ್ದ ಮೂವರಲ್ಲಿ ಒಬ್ಬಳು ಹಾಲನ್ನು ನೆಲಕ್ಕೆ ಚೆಲ್ಲಿದಳು. ಎಲ್ಲರೂ ಹಾಗೆ ಮಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಿನವರು ಲೋಟ ಹಿಡಿದುಕೊಂಡೇ ಬಾಯಿ ಬಿಟ್ಟು ನೋಡುತ್ತಿದ್ದರು. ಲಾರಿ ಡ್ರೈವರ ಮಗ ನನ್ನ ಸೆರಗು ಎಳೆದು ಪಿಸುಗುಟ್ಟಿದ, “ಮಿಸ್, ನಾನು ಆಗ್ಲೇ ಎರಡು ಕುಡುದ್ಬುಟ್ಟಿದ್ದೀನಿ. ಕಸಮ್ ಮಿಸ್, ಗೊತ್ತಿರ್ಲಿಲ್ಲ. ಈಗೇನ್ ಮಾಡ್ಲಿ?”

“ಮೂರನೇದು ಕುಡೀಬೇಡ,” ಎಂದೆ.

ಯಜಮಾನರು ನಿಂತೇ ಇದ್ದರು. ಅವರ ಕಷ್ಟ ನನಗೆ ಕಾಣುತ್ತಿತ್ತು. ಸ್ಟೀಲ್ ಲೋಟ ಕೊಟ್ಟರೆ ಊರು ಏನೆನ್ನುತ್ತದೆ? ಕೊಡದಿದ್ದರೆ ಕೊಪ್ಪರಿಗೆ ಏನಾಗುತ್ತದೆ? ಎರಡೂ ಅವರೇ ಕಾಪಾಡಿಕೊಂಡು ಬಂದ ಕಟ್ಟಳೆಗಳು, ಅವತ್ತು ಒಂದರ ಎದುರಿಗೆ ಒಂದು ನಿಂತಿದ್ದವು. ನಾನು ಸಹಾಯಕ್ಕೆ ಹೋಗಲಿಲ್ಲ.

ಪಾಕದವರಿಗೆ ಯೋಚಿಸಲು ಹೊತ್ತಿರಲಿಲ್ಲ. ಕೋಲನ್ನು ಆಳಿನ ಕೈಗೆ ತುರುಕಿ, “ಕದಡ್ಲಾ, ತಳ ಇಡೀತದೆ,” ಎಂದು ಗದರಿ, ಬೆಂಚಿನ ಹತ್ತಿರ ಬಂದರು. ಆ ಸ್ಟೀಲ್ ಲೋಟ ಎತ್ತಿ, ಗಾಣದ ಬಾಯಿಗೇ ಹಿಡಿದು ತುಂಬಿಸಿ, ಅವಳ ಹಿಂದೆ ಓಡಿದರು. “ತಗಳವ್ವಾ ತಾಯಿ, ಕುಡಿ. ಇಷ್ಟು ವರ್ಸದಲ್ಲಿ ನನ್ ಕೊಪ್ಪರಿಗೆ ಒಂದೂ ಕೆಟ್ಟಿಲ್ಲ. ನಿನ್ನಿಂದ ಕೆಡ್ಸಬ್ಯಾಡ.”

“ಯಜಮಾನ್ರು ಬೈತಾರೆ ತಾತ.”

“ಯಜಮಾನ್ರಿಗೆ ಬೆಲ್ಲ ಬ್ಯಾಡ್ವಾ? ಕುಡಿ!”

ಅವಳು ಲೋಟ ಇಸಿದುಕೊಂಡಳು. ಎತ್ತಿ ಹುಯ್ದುಕೊಳ್ಳಲಿಲ್ಲ. ಅಂಚಿಗೆ ತುಟಿ ಇಟ್ಟು, ನಿಧಾನವಾಗಿ, ತಳ ಕಾಣುವವರೆಗೂ ಕುಡಿದಳು. ಆಮೇಲೆ ವಾಪಸು ಬಂದು, ಎಲ್ಲರ ಎಂಜಲು ಲೋಟಗಳಿದ್ದ ಕಡೆಯೇ ಅದನ್ನೂ ಇಟ್ಟಳು. ತೊಳೆದಿಡಲಿಲ್ಲ. ಬೇರೆ ಯಾರೂ ತೊಳೆದಿಟ್ಟಿರಲಿಲ್ಲವಲ್ಲ. ನಾನೂ ನನ್ನ ಲೋಟ ಎತ್ತಿ ಕುಡಿದೆ. ಶುಂಠಿ ಹಾಕಿದ್ದರು, ತುಂಬಾ ಚೆನ್ನಾಗಿತ್ತು.

ಯಜಮಾನರು ನಮ್ಮ ಕಡೆ ತಿರುಗಲಿಲ್ಲ. ಬಯಲಿನ ಕಡೆ ನೋಡಿ ತಾಯಿಗೆ ಹೇಳಿದರು, “ಸೋಮ್ವಾರದಿಂದ ನೀನು ಬರ್ಬ್ಯಾಡ.”

“ಸೋಮ್ವಾರದ ತಂಕ ಯಾಕೆ?” ಎಂದಳು ತಾಯಿ. ತಲೆಯ ಮೇಲಿನ ಸಿಂಬಿ ತೆಗೆದು ಕೊಡವಿ, ಹಸಿ ಸಿಪ್ಪೆಯ ಗುಡ್ಡೆಯನ್ನು ಹಾಗೇ ಬಿಟ್ಟು, ನಮ್ಮ ಸಾಲಿನ ಹಿಂದೆ ಬಂದು ಸೇರಿಕೊಂಡಳು. ಬಿಸಿಬೆಲ್ಲ ತಿನ್ನದೆ ಶಾಲೆಗೆ ಮರಳಿದೆವು. ದಾರಿಯುದ್ದಕ್ಕೂ ಲಾರಿ ಡ್ರೈವರ ಮಗ ಬೆಲ್ಲಕ್ಕಾಗಿ ನಿಟ್ಟುಸಿರು ಬಿಡುತ್ತಿದ್ದ. ಮೊಮ್ಮಗ ರಸ್ತೆಯ ಕಲ್ಲೊಂದನ್ನು ಒದೆಯುತ್ತ ಬಂದ.

ತಾಯಿಗೆ ಆಮೇಲೆ ಪಕ್ಕದ ಊರಿನ ಆಲೆಮನೆಯಲ್ಲಿ ಕೆಲಸ ಸಿಕ್ಕಿತು. ಕಬ್ಬಿನ ಕಾಲದಲ್ಲಿ ಕೈಗಳಿಗೆ ಬರ. ಬೇಡ ಅನ್ನುವವರು ಕಡಿಮೆ. ಕೆಲಸ ಒಪ್ಪಿಕೊಳ್ಳುವ ಮೊದಲು ಅಲ್ಲಿನವರನ್ನು ಕೇಳಿದಳಂತೆ: “ಹಾಲು ಯಾವುದ್ರಲ್ಲಿ ಕೊಡ್ತೀರಿ?” ಅವರು ಸ್ಟೀಲ್ ಲೋಟ ತೋರಿಸಿದರಂತೆ. ಆದರೆ ಅಲ್ಲಿಗೆ ಎರಡು ಪಟ್ಟು ದೂರ, ನಡೆದೇ ಹೋಗಬೇಕು. ಈಗಲೂ ನಡೆಯುತ್ತಾಳೆ. ಗೆಲುವು ಎಂದು ಕುಣಿಯುವಂಥದ್ದು ಇದರಲ್ಲಿ ಏನೂ ಇಲ್ಲ. ಸೋಲಂತೂ ಅಲ್ಲ.

ಆ ಸಂಜೆಯ ಫೋನು ಬಂದಾಗ ಅತ್ತೆಯೂ ನಾನೂ ನೆನೆದ ಅವರೆಕಾಳನ್ನು ಹಿದುಕುತ್ತ ಕೂತಿದ್ದೆವು. ಮುಖ್ಯೋಪಾಧ್ಯಾಯರು.

“ಏನ್ ಮೇಡಂ ಇದು? ಯಜಮಾನ್ರು ಎರಡು ಸಲ ಫೋನ್ ಮಾಡಿದ್ರು. ಆ ನಲ್ಲಿ ಕತೆ ಇವತ್ತಿಗೇ ನಿಲ್ಲಬೇಕಂತೆ.”

“ಆಗೋದಿಲ್ಲ ಸರ್. ಇನ್ನೂ ಅರ್ಧ ಪುಸ್ತಕ ಇದೆ.”

“ಅದು ಸಿಲಬಸ್ಸಲ್ಲಿ ಇಲ್ಲ ಮೇಡಂ.”

“ಆಲೆಮನೆಯೂ ಸಿಲಬಸ್ಸಲ್ಲಿ ಇಲ್ಲ ಸರ್.”

ಆ ಕಡೆ ಕನ್ನಡಕ ಒರೆಸುತ್ತಿದ್ದರು ಎಂದು ನನ್ನ ಊಹೆ. “ನಾನು ಮೆಮೊ ಕೊಡಬೇಕಾಗ್ತದೆ,” ಎಂದರು.

“ಕೊಡಿ ಸರ್. ಕಾರಣ ಅಂತ ಇರೋ ಕಡೆ ಸ್ಟೀಲ್ ಲೋಟ ಅಂತಲೇ ಬರೀರಿ. ಬೇರೆ ಏನೇನೋ ಬರೀಬೇಡಿ. ಉತ್ತರ ನಾನು ಇಂಗ್ಲಿಷಲ್ಲೂ ಕೊಡ್ತೀನಿ, ಕನ್ನಡದಲ್ಲೂ ಕೊಡ್ತೀನಿ.”

“ಊಟ ಆಯ್ತಾ ಮೇಡಂ?” ಎಂದರು.

“ಇನ್ನೂ ಇಲ್ಲ ಸರ್. ಅವರೆಕಾಳು ಹಿದುಕ್ತಾ ಇದ್ದೀವಿ.”

ಮೆಮೊ ಇನ್ನೂ ಬಂದಿಲ್ಲ. ಮುಂದಿನ ಶನಿವಾರ ನಾನು ನನ್ನ ಬ್ಯಾಗಿನಿಂದ ಪುಸ್ತಕ ತೆಗೆದಾಗ, ತರಗತಿಯಲ್ಲಿ ಮೊದಲು ಬಾಯಿ ಬಿಟ್ಟವನು ಆ ಮೊಮ್ಮಗನೇ. ಹುಡುಗಿಯ ಕಡೆ ನೋಡದೆ, ಕಿಟಕಿಯ ಕಡೆ ನೋಡಿಕೊಂಡು, “ಮಿಸ್, ಆ ನಲ್ಲಿ ಹುಡುಗಿ ಏನಾದ್ಲು?” ಎಂದ. ಕೇಳುವವರು ಇರುವವರೆಗೆ ನಾನು ಹೇಳುತ್ತೇನೆ. ಇದು ಮುಗಿದರೆ ಇನ್ನೊಂದು ಪುಸ್ತಕ ತರುತ್ತೇನೆ.

ಆ ಶನಿವಾರ ಸಂಜೆ ಫೋನು ಇಟ್ಟ ಮೇಲೆ ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಬಟ್ಟಲಿನಿಂದ ತಲೆ ಎತ್ತಲಿಲ್ಲ. ಕೊನೆಗೆ ಕೇಳಿದರು:

“ಆ ಮಗ ಕುಡುದ್ಲೇನವ್ವಾ?”

“ಕುಡಿದ್ಲು ಅತ್ತೆ. ತಳದವರೆಗೂ.”

“ಸರಿ ಮತ್ತೆ,” ಎಂದು ಸಿಪ್ಪೆಯನ್ನೆಲ್ಲ ಸೆರಗಿಗೆ ಬಳಿದುಕೊಂಡು ಎದ್ದರು.

ಗಂಡ ಅಂಗಡಿ ಮುಚ್ಚಿ ಬಂದರು. ಇಡೀ ದಿನ ಸುಟ್ಟ ಪಂಪ್‌ಸೆಟ್ಟಿನ ವೈಂಡಿಂಗ್ ಬಿಚ್ಚಿದ ಕೈಗೆ ವಾರ್ನಿಶ್ ವಾಸನೆ. ವಿಷಯ ಕೇಳಿ, “ಮೆಮೊ ಬಂದ್ರೆ ಫ್ರೇಮ್ ಹಾಕ್ಸಾಣ ಬುಡು,” ಎಂದರು. ಬಿಸಿ ಮುದ್ದೆ, ಹಿದುಕಿದ ಅವರೆಕಾಳಿನ ಸಾರು, ಅತ್ತೆಗೆ ಬೇರೆಯಾಗಿ ಸ್ವಲ್ಪ ಅನ್ನ ಮಜ್ಜಿಗೆ. ಗಂಡ ಎರಡನೇ ಮುದ್ದೆ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ದಿನವೂ ಮೊದಲು ಮಲಗುವವರು ಅತ್ತೆ, ಕೊನೆಗೆ ಮಲಗುವವಳು ನಾನು. ಅವತ್ತು ಪಾತ್ರೆಗೆ ನೀರು ಬಿಟ್ಟು ಬಂದು ಚಾಪೆಯ ಮೇಲೆ ಸುಮ್ಮನೆ ತಲೆ ಇಟ್ಟೆನಂತೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ. ಅತ್ತೆ ಪಾತ್ರೆ ತೊಳೆದು ದೀಪ ಆರಿಸಿದರಂತೆ.